ಟರ್ಮಿನಲ್ ದಾಖಲೆಯ ನಿಯಂತ್ರಣ ಸಂಕೇತಗಳನ್ನು ತೆಗೆಯುವ ಕ್ರಮ
ಮಾನ್ಯರೇ, ರಾಯಚೂರಿನ ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಟರ್ಮಿನಲ್‌ನಲ್ಲಿ ನಡೆದದ್ದನ್ನು ದಾಖಲಿಸುವ ‘ಸ್ಕ್ರಿಪ್ಟ್’ (script) ಆದೇಶದಿಂದ ಉಳಿಸಿದ ಕಡತಗಳಲ್ಲಿ ಆವರಣಗಳೂ ಅಂಕಿಗಳೂ ತುಂಬಿಕೊಂಡಿರುವುದನ್ನು ಹೇಗೆ ತೆಗೆಯಬೇಕೆಂದು ಕೇಳಿದ್ದೀರಿ. ಆ ಆದೇಶವು ತೆರೆಗೆ ಹೋದದ್ದೆಲ್ಲವನ್ನೂ, ಬಣ್ಣದ ಸೂಚನೆ ಮತ್ತು ಬ್ಯಾಕ್‌ಸ್ಪೇಸ್ ಸಹಿತ, ಹಾಗೆಯೇ ಬರೆದಿಡುತ್ತದೆ. ಮೂಲ ಕಡತವನ್ನು ಮುಟ್ಟದೆ ಅದರ ನಕಲಿನಲ್ಲಿ, ಆಸ್ಕಿ ಎಂಬ ಅಕ್ಷರಸಂಕೇತ ಪಟ್ಟಿಯಲ್ಲಿ ಸಂಖ್ಯೆ 27 ಆಗಿರುವ ಎಸ್ಕೇಪ್ ಅಕ್ಷರದಿಂದ ಆರಂಭವಾಗಿ, ಚೌಕ ಆವರಣ, ಪ್ರಶ್ನಾರ್ಥಕ ಚಿಹ್ನೆ, ಅಂಕಿ, ಅರ್ಧವಿರಾಮಗಳನ್ನು ದಾಟಿ ಒಂದು ಇಂಗ್ಲಿಷ್ ಅಕ್ಷರದಲ್ಲಿ ಮುಗಿಯುವ ಸರಣಿಗಳನ್ನು ಮೊದಲು, ಪಠ್ಯವನ್ನು ಹುಡುಕಿ ಬದಲಿಸುವ ‘ಸೆಡ್’ (sed) ಆದೇಶದ ಮೂಲಕ ಅಳಿಸಿರಿ. ಕಿಟಕಿಯ ಶೀರ್ಷಿಕೆ ಬದಲಿಸುವ ಸರಣಿಗಳು ಸಾಮಾನ್ಯವಾಗಿ ಗಂಟೆಯ ಸದ್ದಿಗೆಂದಿರುವ ಬೆಲ್ ಎಂಬ ನಿಯಂತ್ರಣ ಅಕ್ಷರದಲ್ಲಿ ಮುಗಿಯುವುದರಿಂದ ಅವಕ್ಕೆ ಬೇರೆ ನಿಯಮ ಬೇಕು. ಅನಂತರವೇ, ಬ್ಯಾಕ್‌ಸ್ಪೇಸ್‌ಗಳನ್ನು ತೆಗೆಯಲು, ‘ಕೋಲ್’ ಆದೇಶವನ್ನು ಬಿ ಆಯ್ಕೆಯೊಂದಿಗೆ (col -b) ನಡೆಸಿರಿ. ಅದನ್ನೇ ಮೊದಲು ನಡೆಸಿದರೆ ಎಸ್ಕೇಪ್ ಅಕ್ಷರ ಮಾಯವಾಗಿ, ಉಳಿದ ಅಂಕಿಗಳನ್ನು ನಿಜವಾದ ಪಠ್ಯದಿಂದ ಬೇರ್ಪಡಿಸುವುದು ಬಹಳ ಕಷ್ಟವಾಗುತ್ತದೆ. ಇಡೀ ತೆರೆಯನ್ನು ಬಳಸುವ ಪಠ್ಯ ಸಂಪಾದಕವಾದ ವಿಮ್ (vim) ತೆರೆದಿದ್ದ ಭಾಗವನ್ನಂತೂ ಕೈಯಿಂದಲೇ ಕತ್ತರಿಸುವುದು ಮೇಲು.