ಓದುಗರು ಕೇಳಿದ್ದು: ಎಟಿವಿ ಸ್ಟೀರಿಂಗಿನ ಕಟಕಟ

ಪ್ರಶ್ನೆ: ನನ್ನ ಎಟಿವಿಗೆ (ಹ್ಯಾಂಡಲ್ ಇರುವ, ಕಚ್ಚಾ ದಾರಿಯ ನಾಲ್ಕು ಚಕ್ರದ ಗಾಡಿ) ಈಗ ನಾಲ್ಕು ವರ್ಷ. ಓಡಾಟವೆಲ್ಲ ಕಲ್ಲು, ಕೆಸರಿನಲ್ಲೇ. ಎರಡು ತಿಂಗಳಿಂದ ಹ್ಯಾಂಡಲ್ ತಿರುಗಿಸಿದರೆ ಚಕ್ರ ತಕ್ಷಣ ಮಾತು ಕೇಳುವುದಿಲ್ಲ. ಎರಡು ಬೆರಳಷ್ಟು ಹ್ಯಾಂಡಲ್ ಸುಮ್ಮನೆ ಸರಿದ ಮೇಲೇ ಗಾಡಿಯ ದಿಕ್ಕು ಬದಲಾಗುತ್ತದೆ. ಜೊತೆಗೆ ಮುಂದಿನಿಂದ ಕಟಕಟ ಸದ್ದು. ಗೆಳೆಯನೊಬ್ಬ ಹೇಳಿದನೆಂದು ಸ್ಟೀರಿಂಗ್ ಕಂಬದ ಮೇಲಿನ ಕ್ಲಾಂಪ್ ಬಿಗಿ ಮಾಡಿದೆ. ಹ್ಯಾಂಡಲ್ ಬಿರುಸಾಯಿತೇ ಹೊರತು ಸದ್ದು ನಿಲ್ಲಲಿಲ್ಲ. ಇನ್ನಷ್ಟು ಬಿಗಿ ಮಾಡಲೇ?

ಉತ್ತರ: ಬೇಡ ಮಾರಾಯರೇ. ಮಾಡಿದ್ದನ್ನೂ ಬಿಚ್ಚಿ, ಕೈಪಿಡಿಯಲ್ಲಿರುವ ಟಾರ್ಕಿಗೆ (ಬಿಗಿಯುವ ಬಲದ ಅಳತೆಗೆ) ವಾಪಸ್ ತನ್ನಿ. ಆ ಕ್ಲಾಂಪಿನೊಳಗೆ ಎರಡು ಹೋಳಿನ ಬುಷ್ ಕೂತಿರುತ್ತದೆ, ಬಹಳಷ್ಟು ಗಾಡಿಗಳಲ್ಲಿ ಪ್ಲಾಸ್ಟಿಕ್ಕಿನದು. ಕಂಬ ಅದರೊಳಗೆ ಸಲೀಸಾಗಿ ತಿರುಗಬೇಕು. ಅದನ್ನು ಹಿಂಡಿದರೆ ಹ್ಯಾಂಡಲ್ ತಾನಾಗಿ ನಡುವಿಗೆ ಬರುವುದಿಲ್ಲ, ಕೆಳಗಿನ ಲೂಸು ಕೈಗೆ ಗೊತ್ತಾಗುವುದೂ ಇಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಕೈಗೆ ಪಟ್ಟಿ ಕಟ್ಟಿದ ಹಾಗಾಯಿತು.

ಎಲ್ಲಿ ಲೂಸು ಎಂದು ಪತ್ತೆಯಾಗುವ ತನಕ ಸ್ಪ್ಯಾನರ್ ಮುಟ್ಟಬೇಡಿ. ನಿಮ್ಮ ಕೈಯ ಬಲ ಚಕ್ರಕ್ಕೆ ತಲುಪುವ ದಾರಿ ಹೀಗಿದೆ: ಹ್ಯಾಂಡಲಿನಿಂದ ಕಂಬ, ಕಂಬದ ಬುಡದ ಬೇರಿಂಗು, ಅಲ್ಲಿಂದ ಚಾಚಿದ ಪಿಟ್‌ಮನ್ ತೋಳು, ತೋಳಿನಿಂದ ಎಡಕ್ಕೊಂದು ಬಲಕ್ಕೊಂದು ಟೈ ರಾಡ್, ಕೊನೆಗೆ ಚಕ್ರ ಹೊತ್ತ ನಕಲ್. ಒಂದೊಂದು ಟೈ ರಾಡಿಗೂ ಎರಡು ತುದಿಯಲ್ಲಿ ಬಾಲ್ ಜಾಯಿಂಟು. ಅಂದರೆ ಇಲ್ಲೇ ನಾಲ್ಕು ಕೀಲಾಯಿತು. ಒಂದೊಂದರಲ್ಲೂ ಕೂದಲೆಳೆಯಷ್ಟು ಸವೆದರೂ ಸಾಕು, ಎಲ್ಲ ಸೇರಿ ಹ್ಯಾಂಡಲಿನ ತುದಿಯಲ್ಲಿ ನಿಮ್ಮ ಎರಡು ಬೆರಳಾಗುತ್ತದೆ.

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಒಬ್ಬರನ್ನು ಕೂರಿಸಿ, ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸುತ್ತಿರಲು ಹೇಳಿ. ಜೋರಾಗಿ ಬೇಡ, ಮಗುವಿನ ತೊಟ್ಟಿಲು ತೂಗಿದಷ್ಟೇ. ನೀವು ಕೆಳಗೆ ಮಲಗಿ ತೋರುಬೆರಳನ್ನು ಕೀಲಿನ ಮೇಲೆ ಅಡ್ಡ ಇಡಿ, ಅರ್ಧ ಬೆರಳು ರಾಡಿನ ತುದಿಯ ಮೇಲೆ, ಅರ್ಧ ನಕಲ್ ಮೇಲೆ (ಒಳತುದಿಯ ಕೀಲಾದರೆ ಪಿಟ್‌ಮನ್ ತೋಳಿನ ಮೇಲೆ). ಎರಡೂ ಒಟ್ಟಿಗೆ ಸರಿದರೆ ಆ ಕೀಲು ಚೆನ್ನಾಗಿದೆ. ಒಂದು ಹೊರಟು ಇನ್ನೊಂದು ತಡವಾಗಿ ಬಂದರೆ ಬೆರಳಿಗೆ ಟಿಕ್ ಎಂದು ತಾಗುತ್ತದೆ. ಕೆಸರು ಮೆತ್ತಿದ ಕೀಲಿನಲ್ಲಿ ಕಣ್ಣಿಗೆ ಏನೂ ಕಾಣದು. ನಾನು ಬೆರಳನ್ನೇ ನಂಬುತ್ತೇನೆ. ನಾಲ್ಕೂ ಕೀಲು ಹೀಗೆ ನೋಡಿ, ಆಮೇಲೆ ಕಂಬದ ಬುಡ.

ಮುಂದಿನದು ಚಕ್ರ. ಜಾಕಿನಿಂದ ಮುಂಭಾಗ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಅಡೆ ಇಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಎ-ಆರ್ಮಿನ (ನಕಲನ್ನು ಗಾಡಿಯ ಚೌಕಟ್ಟಿಗೆ ಸೇರಿಸುವ ತೋಳಿನ) ಬಾಲ್ ಜಾಯಿಂಟೋ ಚಕ್ರದ ಬೇರಿಂಗೋ ಸವೆದಿದೆ. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಅನುಮಾನ ಟೈ ರಾಡಿನ ಮೇಲೆ. ಇಲ್ಲಿ ನನ್ನದೇ ಒಂದು ಅವಮಾನದ ಕತೆ ಇದೆ. ಕೆಲಸ ಕಲಿತ ಹೊಸತರಲ್ಲಿ ಒಂದು ಗಾಡಿಯ ಚಕ್ರ ಎಡಬಲ ಆಡಿದ್ದೇ ತಡ, ಬೇರಿಂಗ್ ಹೋಗಿದೆ ಎಂದು ತೀರ್ಪು ಕೊಟ್ಟು ಎರಡೂ ಬದಿಯ ಬೇರಿಂಗ್ ಬದಲಿಸಿದ್ದೆ. ಮರುದಿನವೇ ಗಾಡಿ ಅದೇ ಕಟಕಟದೊಂದಿಗೆ ವಾಪಸ್. ಹೊರಬದಿಯ ರಾಡ್ ಎಂಡಿನ, ಅಂದರೆ ಟೈ ರಾಡಿನ ತುದಿಯ ಕೀಲಿನ, ರಬ್ಬರ್ ಬೂಟು (ಮುಸುಕು) ಹರಿದು, ಒಳಗಿನ ಗ್ರೀಸು ಮಣ್ಣಿನ ಜೊತೆ ಸೇರಿ ಉಜ್ಜುಕಾಗದದಂತಾಗಿತ್ತು. ಟೈರು ಅಲ್ಲಾಡಿಸುತ್ತಾ ಟೈರನ್ನೇ ನೋಡುತ್ತಿದ್ದೆ, ಅದೇ ತಪ್ಪು. ಈಗ ಬೇರೆಯವರಿಗೆ ಅಲ್ಲಾಡಿಸಲು ಹೇಳಿ ನಾನು ಚಕ್ರದ ಹಿಂದೆ ನೋಡುತ್ತೇನೆ. ನಕಲ್ ನಿಂತಲ್ಲೇ ನಿಂತು ಹಬ್ (ಚಕ್ರ ಕೂರುವ ನಡುಭಾಗ) ಆಡಿದರೆ ಬೇರಿಂಗ್. ನಕಲ್ಲೂ ಜೊತೆಗೆ ಆಡಿದರೆ ಕೀಲು.

ಸವೆದ ರಾಡ್ ಎಂಡನ್ನು ಬಿಗಿ ಮಾಡಿ ಸರಿಪಡಿಸುವ ಉಪಾಯ ಇಲ್ಲ, ಬದಲಿಸಲೇಬೇಕು. ಬದಲಿಸುವಾಗ ಕ್ಯಾಸಲ್ ನಟ್ಟಿಗೆ (ತಲೆಯಲ್ಲಿ ಸೀಳುಗಳಿರುವ ನಟ್ಟಿಗೆ) ಹೊಸ ಸ್ಪ್ಲಿಟ್ ಪಿನ್ (ನಟ್ಟು ಸಡಿಲವಾಗದಂತೆ ತೂತಿಗೆ ತೂರಿಸಿ ಬಗ್ಗಿಸುವ ತಂತಿ) ಹಾಕಿ. ಹಳೆಯದನ್ನು ನೇರ ಮಾಡಿ ಮತ್ತೆ ತೂರಿಸುವ ಜಿಪುಣತನ ಬೇಡ, ಒಮ್ಮೆ ಬಗ್ಗಿದ ತಂತಿ ಇನ್ನೊಮ್ಮೆ ಬಗ್ಗಿಸಿದಲ್ಲೇ ಮುರಿಯುತ್ತದೆ. ಟಾರ್ಕ್ ಕೊಟ್ಟ ಮೇಲೆ ತೂತು ಎದುರಿಗೆ ಬರದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸಬೇಡಿ, ಮುಂದಿನ ತೂತಿನ ತನಕ ಬಿಗಿ ಮಾಡಿ. ಇನ್ನೊಂದು ಮಾತು: ಕೆಸರು ತೊಳೆಯುವಾಗ ಪ್ರೆಷರ್ ವಾಷರಿನ ನೀರನ್ನು ನೇರ ಬೂಟಿನ ಮೇಲೆ ಬಿಡುವವರೇ ಹೆಚ್ಚು. ಬೂಟಿನೊಳಗೆ ನೀರು ಹೋಗುವುದು ಹಾಗೆಯೇ.

ಪ್ರಶ್ನೆ: ಟೈ ರಾಡಿನ ಎಂಡ್ ನಾನೇ ಬದಲಿಸಿದೆ. ಈಗ ಗಾಡಿ ಬಲಕ್ಕೆ ಎಳೆಯುತ್ತದೆ.

ಉತ್ತರ: ಮೊದಲು ಗಾಳಿ ನೋಡಿ. ಎಟಿವಿ ಟೈರಿಗೆ ಬೇಕಿರುವುದು ಸಾಮಾನ್ಯವಾಗಿ 3ರಿಂದ 7 ಪಿಎಸ್‌ಐ ಅಷ್ಟೇ. 5 ಇರಬೇಕಾದಲ್ಲಿ ಬಲಗಡೆ 3 ಇದ್ದರೆ ಗಾಡಿ ಬಲಕ್ಕೇ ಎಳೆಯುತ್ತದೆ. ಕಾರಿನ ಗೇಜಿನಲ್ಲಿ ಈ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ, ಕಡಿಮೆ ಒತ್ತಡದ ಗೇಜೇ ಬೇಕು.

ಗಾಳಿ ಸಮ ಇದ್ದರೆ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ಓರೆಯಾಗಿವೆ ಎಂಬುದನ್ನು, ಅಳೆಯಿರಿ. ಹ್ಯಾಂಡಲ್ ನೇರ ಇಟ್ಟು ಕಟ್ಟಿ. ಮುಂದಿನ ಎರಡೂ ಟೈರಿನ ಎದುರು ಭಾಗದಲ್ಲಿ, ಆಕ್ಸಲಿನ ಎತ್ತರಕ್ಕೆ, ಅಗಲದ ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದು ನಡುವಿನ ದೂರ ಬರೆದುಕೊಳ್ಳಿ. ಆ ಗೆರೆಗಳು ಹಿಂಬದಿಗೆ ಅದೇ ಎತ್ತರಕ್ಕೆ ಬರುವಷ್ಟು ಗಾಡಿ ತಳ್ಳಿ ಮತ್ತೆ ಅಳೆಯಿರಿ. ಮುಂದೆ 812 ಮಿ.ಮೀ., ಹಿಂದೆ 820 ಬಂದರೆ 8 ಮಿ.ಮೀ. ಟೋ-ಇನ್. ತಳ್ಳದೆ ಹಿಂಬದಿಗೆ ಬೇರೆ ಗೆರೆ ಎಳೆದರೆ ಟೈರಿನ ವಕ್ರವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಷ್ಟಿರಬೇಕು ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಕೆಲವಕ್ಕೆ ಟೋ-ಔಟೇ ಸರಿ. ಕೈಪಿಡಿ ನೋಡಿ. ರಾಡಿನ ಒಂದು ತುದಿಯಲ್ಲಿ ಎಡ ಥ್ರೆಡ್ (ಬಿಚ್ಚುವ ದಿಕ್ಕು ಉಲ್ಟಾ) ಇರುತ್ತದೆ, ಲಾಕ್ ನಟ್ ಬಿಚ್ಚುವಾಗ ನೆನಪಿರಲಿ. ಎರಡೂ ರಾಡನ್ನು ಸಮಸಮ ತಿರುಗಿಸಿ. ಒಂದನ್ನೇ ತಿರುಗಿಸಿದರೆ ಟೋ ಸರಿಹೋಗಿ ಹ್ಯಾಂಡಲ್ ಸೊಟ್ಟಗಾಗುತ್ತದೆ.

ಪ್ರಶ್ನೆ: ನಿಂತಲ್ಲೇ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಎಂಜಿನ್ ತಾನಾಗಿ ಗುರ್ ಎನ್ನುತ್ತದೆ. ಇದೂ ಸ್ಟೀರಿಂಗ್ ತೊಂದರೆಯೇ?

ಉತ್ತರ: ಥ್ರಾಟಲ್ (ಆಕ್ಸಿಲರೇಟರ್) ಕೇಬಲ್ ಎಲ್ಲೋ ಸಿಕ್ಕಿಕೊಂಡು ಎಳೆಯುತ್ತಿರಬೇಕು, ಅಥವಾ ಅದರ ಫ್ರೀ ಪ್ಲೇ (ಎಳೆತ ಶುರುವಾಗುವ ಮುಂಚಿನ ಸಡಿಲ) ಕಡಿಮೆಯಾಗಿದೆ. ತಿರುವಿನ ನಡುವೆ ಗಾಡಿ ತಾನೇ ವೇಗ ಪಡೆದರೆ ಮಗುಚುತ್ತದೆ. ಸರಿಹೋಗುವ ತನಕ ಹತ್ತಬೇಡಿ. ಕೇಬಲ್ ಸರಿಪಡಿಸುವಾಗ ಪಕ್ಕದ ಬ್ರೇಕ್ ಹೋಸನ್ನೂ ಒಮ್ಮೆ ನೋಡಿ, ಎರಡೂ ಬದಿಯ ಕೊನೆಯ ತನಕ ಹ್ಯಾಂಡಲ್ ತಿರುಗಿದಾಗ ಅದು ಬಿಗಿಯಬಾರದು.