ಮಗಳ ಇಂಜೆಕ್ಷನ್ ತಪ್ಪಿಸುವ ಕ್ಯಾಪ್ಸೂಲ್ ಬಂದಿದೆಯಾ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಆರನೇ ವಯಸ್ಸಿಂದ ಟೈಪ್ 1 ಡಯಾಬಿಟಿಸ್. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕ್ಯಾಪ್ಸೂಲ್‌ನಲ್ಲಿ ತುಂಬಿ ಮೈಯೊಳಗೆ ಇಟ್ಟರೆ ಸಾಕು, ಇಂಜೆಕ್ಷನ್ನೇ ಬೇಡ ಅಂತ ವಾಟ್ಸಾಪ್‌ನಲ್ಲಿ ವಿಡಿಯೊ ಬಂತು. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಹಾಕಿ ವಾಸಿ ಮಾಡುತ್ತೇವೆ, ಆರು ಲಕ್ಷ ಆಗುತ್ತೆ ಅಂದಿದ್ದಾರೆ. ಸೈಟು ಮಾರೋಣ ಅಂತಿದ್ದೇವೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಸೈಟು ಮಾರಬೇಡಿ ಅಮ್ಮ. ಮೊದಲು ಅದನ್ನು ಹೇಳಿಬಿಡುತ್ತೇನೆ.

ವಿಡಿಯೊದಲ್ಲಿ ಹೇಳಿದ ಕ್ಯಾಪ್ಸೂಲ್ ಕಟ್ಟುಕಥೆಯಲ್ಲ. ಟೈಪ್ 1 ಇರುವವರ ಮೈ ಇನ್ಸುಲಿನ್ ತಯಾರಿಸುವ ತನ್ನದೇ ಬೀಟಾ ಕೋಶಗಳನ್ನು ಶತ್ರು ಅಂದುಕೊಂಡು ಕೊಲ್ಲುತ್ತದೆ. ಹೊಸ ಕೋಶ ಹಾಕಿದರೂ ಬಿಡುವುದಿಲ್ಲ. ಅದಕ್ಕೇ ಅವುಗಳ ಸುತ್ತ ಸೊಳ್ಳೆ ಪರದೆಯಂಥ ಪೊರೆ ಕಟ್ಟುತ್ತಾರೆ, ಆಮ್ಲಜನಕ ಮತ್ತು ಸಕ್ಕರೆ ಒಳಗೆ ಬರಬೇಕು, ಇನ್ಸುಲಿನ್ ಹೊರಗೆ ಹೋಗಬೇಕು, ದಾಳಿ ಮಾಡುವ ರಕ್ತಕಣಗಳು ಮಾತ್ರ ಹೊರಗೇ ಉಳಿಯಬೇಕು. 1980ರಲ್ಲೇ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್‌ನಲ್ಲಿ ಕೋಶಗಳನ್ನು ಸುತ್ತಿ ಇಲಿಗಳಲ್ಲಿ ಶುಗರ್ ಇಳಿಸಿ ತೋರಿಸಿದ್ದರು.

ಮತ್ತೆ ಯಾಕೆ ಇನ್ನೂ ಬಂದಿಲ್ಲ, ಅಲ್ವಾ? ಕಾಲಿಗೆ ಮುಳ್ಳು ಚುಚ್ಚಿ ಒಳಗೇ ಉಳಿದರೆ ಸುತ್ತ ಗಟ್ಟಿಯಾಗುತ್ತದಲ್ಲ, ಕ್ಯಾಪ್ಸೂಲ್ ಸುತ್ತಲೂ ಮೈ ಹಾಗೇ ನಾರು ಬೆಳೆಸುತ್ತದೆ. ಸೊಳ್ಳೆ ಪರದೆಯ ಮೇಲೆ ಕಂಬಳಿ ಹೊದಿಸಿದ ಹಾಗೆ. ಒಳಗಿನ ಕೋಶಗಳು ಉಸಿರಿಲ್ಲದೆ ಸಾಯುತ್ತವೆ. ಅಮೆರಿಕದ ವಯಾಸೈಟ್ ಕಂಪನಿ 2014ರಲ್ಲಿ ಮನುಷ್ಯರಲ್ಲಿ ಪರೀಕ್ಷೆ ಶುರು ಮಾಡಿದಾಗ ಇದೇ ತೊಂದರೆ ಎದುರಾಯಿತು. ಅಲ್ಲಿನದೇ ವರ್ಟೆಕ್ಸ್ ಕಂಪನಿಯೂ 2025ರ ಮಾರ್ಚ್‌ನಲ್ಲಿ ತನ್ನ ಕ್ಯಾಪ್ಸೂಲ್ ಮಾದರಿಯನ್ನು ಕೈಬಿಟ್ಟಿತು, ಬೇಕಾದಷ್ಟು ಇನ್ಸುಲಿನ್ ಹುಟ್ಟಲಿಲ್ಲ.

ಅದೇ ಕಂಪನಿ ಕ್ಯಾಪ್ಸೂಲ್ ಇಲ್ಲದೆ, ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಬೆಳೆಸಿದ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ಬಿಟ್ಟ ಪರೀಕ್ಷೆಯ ಫಲಿತಾಂಶವೂ 2025ರಲ್ಲೇ ಬಂತು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನಕ್ಕೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಬೇಕಾಗಲಿಲ್ಲ. ಓದಿದಾಗ ನನಗೂ ಖುಷಿಯಾಯಿತು. ಆದರೆ ಪೊರೆ ಇಲ್ಲದ ಕೋಶ ಉಳಿಯಬೇಕಾದರೆ ರೋಗ ನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನುಂಗುತ್ತಲೇ ಇರಬೇಕು. ಆ ಪರೀಕ್ಷೆಯಲ್ಲಿದ್ದ ಒಬ್ಬರು ಮೆದುಳಿನ ಪೊರೆಗೆ ಸೋಂಕು ತಗುಲಿ ತೀರಿಕೊಂಡರು. ಅಲ್ಲಿ ಆರಿಸಿಕೊಂಡಿದ್ದೂ ಶುಗರ್ ಗೊತ್ತಾಗದ ಹಾಗೆ ಇಳಿದು ಅಪಾಯಕ್ಕೆ ಸಿಕ್ಕಿದ್ದ ದೊಡ್ಡವರನ್ನು. ಶಾಲೆಗೆ ಹೋಗಿ ಆಡಿಕೊಂಡಿರುವ ಮಗುವಿಗೆ ಈ ವ್ಯಾಪಾರ ಬೇಡ.

ಸ್ವೀಡನ್‌ನ ಉಪ್ಸಾಲಾದಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಮೈ ಗುರುತು ಹಿಡಿಯದಂತೆ ಕೋಶದ ಜೀನ್‌ಗಳನ್ನೇ ತಿದ್ದಿ ಒಬ್ಬ ರೋಗಿಯ ಮುಂದೋಳಿನ ಸ್ನಾಯುವಿನಲ್ಲಿ ಇಟ್ಟರು, ಆ ಮಾತ್ರೆಗಳಿಲ್ಲದೆಯೇ ಅವು ಇನ್ಸುಲಿನ್ ಕೊಟ್ಟವು. ಹಾಕಿದ್ದು ಸ್ವಲ್ಪವೇ, ಇಂಜೆಕ್ಷನ್ ನಿಲ್ಲುವಷ್ಟಲ್ಲ. ನನಗೆ ಜಾಸ್ತಿ ಆಸೆ ಇರುವುದು ಇದರ ಮೇಲೆ.

ಇನ್ನು ಆ ಕ್ಲಿನಿಕ್. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಮಾರ್ಗಸೂಚಿಯ ಪ್ರಕಾರ ಡಯಾಬಿಟಿಸ್‌ಗೆ ಸ್ಟೆಮ್ ಸೆಲ್ ಒಪ್ಪಿಗೆಯಾದ ಚಿಕಿತ್ಸೆಯಲ್ಲ, ಅನುಮತಿ ಪಡೆದ ಪರೀಕ್ಷೆಯಲ್ಲಿ ಮಾತ್ರ ಕೊಡಬಹುದು. ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಅವರ ಮಾತು ನಂಬಿ ಇನ್ಸುಲಿನ್ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಟೈಪ್ 1 ಮಕ್ಕಳಿಗೆ ಒಂದೆರಡು ದಿನದಲ್ಲೇ ಜೀವಕ್ಕೇ ಅಪಾಯ ಬರುತ್ತದೆ. ಕೈಯಲ್ಲಿ ದುಡ್ಡಿದ್ದರೆ ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಬೆರಳು ಚುಚ್ಚುವುದು ಕಡಿಮೆಯಾಗುತ್ತದೆ, ರಾತ್ರಿ ಶುಗರ್ ಇಳಿದರೆ ಅಲಾರಂ ಹೊಡೆಯುವಂಥವೂ ಇವೆ, ನೀವೂ ಸ್ವಲ್ಪ ನಿದ್ದೆ ಮಾಡಬಹುದು.

ಪ್ರಶ್ನೆ: ನನಗೆ 58, ಟೈಪ್ 2, ಮಾತ್ರೆಯಲ್ಲಿದ್ದೇನೆ. ಈ ಕ್ಯಾಪ್ಸೂಲ್ ನನಗೂ ಆಗುತ್ತಾ?
– ಓದುಗರು, ತುಮಕೂರು

ಉತ್ತರ: ಸದ್ಯಕ್ಕೆ ನಿಮಗಲ್ಲ ಸರ್. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಸರಿಯಾಗಿ ಕೇಳುವುದಿಲ್ಲ, ಸುಮ್ನೆ ಕೋಶ ತುಂಬಿದರೆ ಆ ತೊಂದರೆ ಹೋಗುವುದಿಲ್ಲ. ಮಾತ್ರೆ ಮುಂದುವರಿಸಿ, ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದ ತೋರಿಸಿಕೊಳ್ಳಿ.