ವಿಮಾನ ಪ್ರಯಾಣಕ್ಕೆ ಮುನ್ನ ಸಾಕುಪ್ರಾಣಿಗೆ ಮಂಪರಿನ ಔಷಧ ಕೊಡಬಾರದು ಎನ್ನುವುದೇಕೆ?

ಮಂಪರು ಬರಿಸುವ ಔಷಧವು ರಕ್ತದೊತ್ತಡವನ್ನೂ ಉಸಿರಾಟವನ್ನೂ ತಗ್ಗಿಸಬಲ್ಲದಾದ್ದರಿಂದ ಪಶುವೈದ್ಯರು ಸಾಮಾನ್ಯವಾಗಿ ಅದನ್ನು ಬೇಡವೆನ್ನುತ್ತಾರೆ. ಹಾರಾಟದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡವು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿದು, ಪ್ರತಿ ಉಸಿರಿನಲ್ಲೂ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ಎಚ್ಚರವಿರುವ ಪ್ರಾಣಿ ಹೆಚ್ಚು ಉಸಿರಾಡಿ ಇದನ್ನು ಸರಿದೂಗಿಸಿಕೊಳ್ಳುತ್ತದೆ, ಮಂಪರಿನಲ್ಲಿರುವ ಪ್ರಾಣಿಗೆ ಅದು ಕಷ್ಟ. ಮೈಯ ಉಷ್ಣತೆಯನ್ನು ಕಾಯ್ದುಕೊಳ್ಳುವ ಶಕ್ತಿಯೂ, ಪೆಟ್ಟಿಗೆ ವಾಲಿದಾಗ ಕಾಲೂರಿ ನಿಲ್ಲುವ ಶಕ್ತಿಯೂ ಕುಗ್ಗುತ್ತವೆ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ತಳಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟಾಗಿರುವುದರಿಂದ ಅಪಾಯ ಇನ್ನೂ ಹೆಚ್ಚು. ಔಷಧಕ್ಕಿಂತ ಅಭ್ಯಾಸವೇ ಮೇಲು: ಕೆಲವು ವಾರಗಳ ಮೊದಲೇ ಪ್ರಯಾಣದ ಪೆಟ್ಟಿಗೆಯನ್ನು ಮನೆಯಲ್ಲಿ ತೆರೆದಿಟ್ಟು, ಅದರೊಳಗೇ ಊಟವಿಟ್ಟು, ಪ್ರಾಣಿಯು ತಾನಾಗಿಯೇ ಹೋಗಿ ಮಲಗುವಂತೆ ರೂಢಿ ಮಾಡಿಸಿ. ತೀರಾ ಬೆದರುವ ಸ್ವಭಾವವಿದ್ದರೆ ಔಷಧದ ನಿರ್ಧಾರವನ್ನು ಪಶುವೈದ್ಯರಿಗೇ ಬಿಡಿ.